ಖಾಲಿ ಜಾಗದ ಅಪ್ಪ

ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ ಬಿಟ್ಟವರ ಮನೆಗೆ ಸರ್ಕಾರಿ ಕಚೇರಿಯೇ ಒಬ್ಬ ಅಪ್ಪನನ್ನು ಕಳಿಸುತ್ತದೆ. ನಮ್ಮ ಮನೆಗೆ ಬರುವವನು ಪ್ರತಿ ಸೋಮವಾರ ಬರುತ್ತಾನೆ, ಬೂದು ಅಂಗಿ ಹಾಕಿಕೊಂಡು.

"ಸಾಲಿ ಯಾಕ ಬಿಟ್ಟಿ ಮಗಾ?" ಅಂದ, ಚಾಪೆ ಮೇಲೆ ಕೂತು.

"ಮಗಾ ಗಿಗಾ ಅಂದರ ಹಲ್ಲು ಉದುರಸ್ತೀನಿ."

"ಹಂಗ ಕೇಳಬೇಕಂತ ಬರಕೊಟ್ಟಾರಪ್ಪ. ಇವತ್ತು ನಿಮ್ಮದು ಹನ್ನೊಂದನೇ ಮನಿ. ನಾ ಬ್ಯಾಡಾದರ ನಿಮ್ಮಪ್ಪನ ಖರೇ ಹೆಸರು ಬರಿ. ನಾಳೆನ ಅವನ್ನ ಹುಡುಕಿ ತಂದು ಬಿಡತಾರ."

ಅವನ ಜೇಬಿನ ಪೆನ್ನು ಕಸಿದುಕೊಂಡೆ. ಹೆಸರು ನನಗೆ ಗೊತ್ತು. ಒಲೆಯ ಮುಂದಿದ್ದ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ಹೆಸರಿನವನು ಮುರಿದ ಅವಳ ಎಡಗೈ ಇನ್ನೂ ನೆಟ್ಟಗಾಗಿಲ್ಲ.

ಪೆನ್ನನ್ನು ಅವನ ಮೈಮೇಲೆ ಎಸೆದೆ.

"ಅವ್ವಾ, ಈ ಸುಡುಗಾಡು ಮನುಷ್ಯಾಗ ಊಟಕ್ಕ ಹಾಕು," ಅಂದೆ.