ನಾಲ್ಕು ಚೀಲ ಮರಳು

ಟ್ಯೂಲಿಪ್ ಪಾತಿಯ ಅಂಚಿಗೆ ಒತ್ತಾಗಿ ಮಲಗಿದ್ದ ನಾಲ್ಕು ಮರಳಿನ ಚೀಲಗಳನ್ನು ಕಂಡು ಹಾರ್ಲನ್ ಅಂಗಳದಲ್ಲೇ ನಿಂತುಬಿಟ್ಟ.

"ಇವು ಇಲ್ಲಿಗೆ ಹೇಗೆ ಬಂದ್ವು?"

"ನಾನೂ ಕೋರಾನೂ ಪಿಕಪ್ಪಿಂದ ಇಳಿಸಿದ್ವಿ," ಎಂದಳು ಹೆಂಡತಿ ಆರ್ಡಿತ್, ಕೈಗೆ ಹತ್ತಿದ್ದ ಮಣ್ಣನ್ನು ಕೊಡವಿಕೊಳ್ಳುತ್ತ. "ಹಿಮ ಕರಗಿಹೋಯ್ತಲ್ಲ, ಇನ್ನೂ ಯಾಕೆ ಹೊತ್ಕೊಂಡು ತಿರುಗ್ಬೇಕು ಅಂತ. ಈಗಷ್ಟೇ ಗಾಡಿ ತಗೊಂಡು ಹೊರಟ್ಲು."

"ನಿನ್ನ ಕಾರಿನ ಡಿಕ್ಕಿ ತೆಗಿ. ಬೇಗ!"

ಐಡಹೋದ ಆ ಬೆಟ್ಟದೂರಿನಲ್ಲಿ ಮೊದಲ ಹಿಮ ಬಿದ್ದ ದಿನ ಪಿಕಪ್ಪಿನ ಹಿಂದೆ ಮರಳಿನ ಚೀಲ ಹೇರುತ್ತಾರೆ. ಖಾಲಿ ಗಾಡಿಯ ಹಿಂದಿನ ಚಕ್ರ ಜಾರದಿರಲಿ ಎಂದು. ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುವ ಆ ಚೀಲಗಳು ಹಾರ್ಲನ್‌ನ ಕಣ್ಣಿಗೆ ಭಾರವಾಗಿ ಕಾಣುವುದೇ ನಿಂತುಹೋಗಿತ್ತು. ನಿನ್ನೆ ಆ ಹಳೆಯ ಪುಟ್ಟ ಪಿಕಪ್ಪಿನ ಮುಂದಕ್ಕೆ ಹೊಸ ಡಿಸ್ಕ್ ಬ್ರೇಕ್ ಕೂರಿಸಿ, ಹಿಂದಿನ ಬ್ರೇಕಿಗೆ ಎಷ್ಟು ಬಲ ಹೋಗಬೇಕೆಂದು ತಿರುಪು ತಿರುಗಿಸಿ ತಿರುಗಿಸಿ ಹೊಂದಿಸಿದ್ದ. ಯಾವ ಚಕ್ರ ಮೊದಲು ಕಚ್ಚಿಕೊಂಡು ನಿಲ್ಲುತ್ತದೆ ಎಂದು ರಸ್ತೆಬದಿಯಲ್ಲಿ ನಿಂತು ಕೂಗಿ ಹೇಳಿದವಳು ಆರ್ಡಿತ್. ಮುಂದಿನದು ಕೂದಲೆಳೆಯಷ್ಟು ಮೊದಲು, ಹಿಂದಿನದು ಆಮೇಲೆ. ಎಲ್ಲ ಸರಿಯಾಗಿತ್ತು, ಚೀಲಗಳು ಇದ್ದಾಗ.

ಈಗ ಹಿಂಭಾಗ ಖಾಲಿ. ಮೆಲ್ಲಗೆ ತುಳಿದರೆ ಏನೂ ಆಗದು. ಗಾಬರಿಯಲ್ಲಿ ಗಟ್ಟಿಯಾಗಿ ತುಳಿದರೆ ಹಗುರಾದ ಹಿಂದಿನ ಚಕ್ರಗಳೇ ಮೊದಲು ನಿಂತು, ಒದ್ದೆ ರಸ್ತೆಯಲ್ಲಿ ಗಾಡಿಯ ಬಾಲ ಮುಂದಕ್ಕೆ ಬಂದುಬಿಡುತ್ತದೆ. ಕೋರಾ ಇಳಿಯುತ್ತಿರುವ ಘಾಟಿಯ ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ನದಿ. ಅಲ್ಲಿ ಫೋನಂತೂ ಹತ್ತುವುದೇ ಇಲ್ಲ.

"ನೀನೇ ಓಡ್ಸು," ಎಂದ ಹಾರ್ಲನ್, ಕೊನೆಯ ಚೀಲವನ್ನು ಡಿಕ್ಕಿಗೆ ಎಸೆದು. "ನಾನು ಅವಳ ಗಾಡಿ ಎಲ್ಲಿದೆ ಅಂತ ನೋಡ್ತೀನಿ."

ಬೆಳಿಗ್ಗೆ ತಾನೇ ಮಗಳು ಕೋರಾಳಿಗೆ ಪಿಕಪ್ಪಿನ ಬೀಗದ ಕೈ ಕೊಟ್ಟಿದ್ದ. ಕೆಳಗಿನ ಊರಿನ ಆಸ್ಪತ್ರೆಯಲ್ಲಿ ನರ್ಸು ಅವಳು. "ಇನ್ನಿದು ನಿಂದು. ಇನ್ಮೇಲೆ ನಿನ್ನ ಹಿಂದೆ ಬಿದ್ದು ಕಾಟ ಕೊಡಲ್ಲ," ಎಂದು ಮಾತೂ ಕೊಟ್ಟಿದ್ದ. ಕೊಟ್ಟ ಕಾಟವೇನು ಸಾಮಾನ್ಯವೇ! ಇಳಿಜಾರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯಬೇಕು, ಕಾಲಲ್ಲ ಎನ್ನುವುದು ಅವನ ಹಟ. ಅವಳು ಒಮ್ಮೆ ಬ್ರೇಕ್ ಮುಟ್ಟಿ ಹಿಂದಿನ ಕೆಂಪು ದೀಪ ಹತ್ತಿದರೆ ಸಾಕು, "ಓಹೋ, ಕ್ರಿಸ್‌ಮಸ್ ಮರ ಹೊತ್ತಿಕೊಳ್ತು!" ಎಂದು ಕಂಡವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ.

ಮೂರನೆಯ ತಿರುವಿನಲ್ಲಿ ಕೋರಾಳ ಹಳದಿ ಪಿಕಪ್ ಕಂಡಿತು. ಆರ್ಡಿತ್‌ಳ ಅಂಗೈ ಹಾರ್ನಿನ ಮೇಲೆ ಹೋಯಿತು.

"ಬೇಡ!" ಹಾರ್ಲನ್ ಅವಳ ಕೈ ಹಿಡಿದೆಳೆದ. "ಹಾರ್ನ್ ಕೇಳಿದ್ರೆ ಬೆಚ್ಚಿಬಿದ್ದು ತುಳೀತಾಳೆ."

"ಹಾಗಾದ್ರೆ ಮುಂದೆ ಹೋಗಿ ಅಡ್ಡ ನಿಲ್ಸ್ತೀನಿ."

"ಆಗ್ಲೂ ತುಳೀತಾಳೆ. ಸುಮ್ನೆ ಹಿಂದೆ ಹೋಗು. ದೂರ ಇರು."

ಮಗಳು ಕೂಗಳತೆಯಲ್ಲಿದ್ದಳು, ಕೂಗುವಂತಿರಲಿಲ್ಲ. ಹಾರ್ಲನ್‌ಗೆ ಬದುಕಿನಲ್ಲಿ ಹೀಗೆ ಎಂದೂ ಹೆದರಿಕೆಯಾಗಿರಲಿಲ್ಲ. ಪಿಕಪ್ಪಿನ ಹಿಂದಿನ ಎರಡು ದೀಪಗಳ ಮೇಲೇ ಕಣ್ಣು ನೆಟ್ಟು ಕುಳಿತ. ಹತ್ತಬೇಡ, ಹತ್ತಬೇಡ ಎಂದು ಬಾಯಲ್ಲೇ ಹೇಳಿಕೊಂಡ.

ಹಂದಿಬೆನ್ನಿನಂಥ ಬಂಡೆಯ ತಿರುವು ದಾಟಿ ನೋಡಿದರೆ, ಎಮ್ಮೆಕರುವಿನಷ್ಟು ದೊಡ್ಡ ಕಲ್ಲೊಂದು ಬೆಟ್ಟದಿಂದ ಉರುಳಿ ಬಂದು ಅವಳ ದಾರಿಯಲ್ಲೇ ಬಿದ್ದಿತ್ತು. ಆರ್ಡಿತ್ "ದೇವರೇ" ಎಂದಳು. ಹಾರ್ಲನ್‌ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು.

ದೀಪ ಹತ್ತಲಿಲ್ಲ. ಪಿಕಪ್ಪಿನ ಇಂಜಿನ್ ಒಮ್ಮೆ ಜೋರಾಗಿ ಗೊರಗುಟ್ಟಿತು. ಕೋರಾ ಗೇರು ಇಳಿಸಿದ್ದಳು. ಗಾಡಿ ಸಾವಕಾಶವಾಗಿ ನದಿಯ ಬದಿಗೆ ವಾಲಿ, ಕಲ್ಲನ್ನು ಬಳಸಿಕೊಂಡು ತನ್ನ ದಾರಿಗೆ ಬಂತು.

ಘಾಟಿ ಮುಗಿದು ಸೇತುವೆ ದಾಟಿದ ಮೇಲೆ ಅವಳು ಏರಿನ ಜಲ್ಲಿ ಹಾದಿಗೆ ಹೊರಳಿಸಿದಳು. ಅಲ್ಲಿ ಬ್ರೇಕ್ ತುಳಿಯದೆಯೇ ಗಾಡಿ ತಾನಾಗಿ ನಿಂತಿತು. ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಬೆಳಿಗ್ಗೆ ಕೊಟ್ಟ ಮಾತು ಮಧ್ಯಾಹ್ನದವರೆಗೂ ತಡೀಲಿಲ್ವಲ್ಲಪ್ಪ! ಮೂರನೇ ತಿರುವಲ್ಲೇ ನಿಮ್ಮಿಬ್ಬರನ್ನೂ ಕನ್ನಡೀಲಿ ನೋಡ್ದೆ. ದೀಪ ಹತ್ತಿದ್ರೆ ನೀನು ಈ ಜನ್ಮದಲ್ಲಿ ಆಡ್ಕೊಳ್ಳೋದು ಬಿಡಲ್ಲ ಅಂತ ಒಂದೇ ಒಂದ್ಸಲಾನೂ ತುಳೀಲಿಲ್ಲ, ಆ ಕಲ್ಲು ಬಂದಾಗ್ಲೂ. ನೋಡಿದ್ಯಾ?"

"ನೋಡ್ದೆ," ಎಂದು ಹಾರ್ಲನ್ ಪಿಕಪ್ಪಿನ ಬಂಪರಿನ ಮೇಲೆ ಕುಳಿತುಬಿಟ್ಟ.

ಆರ್ಡಿತ್ ಡಿಕ್ಕಿ ತೆರೆದಳು. ಚೀಲಗಳನ್ನು ಕಂಡು ಕೋರಾ ಹುಬ್ಬೇರಿಸಿದಳು.

"ಇವು ಇರೋ ಲೆಕ್ಕದಲ್ಲಿ ಬ್ರೇಕ್ ಇಟ್ಟಿದ್ದೆ," ಎಂದ ಹಾರ್ಲನ್. "ನಿಂಗೆ ಹೇಳ್ಲಿಲ್ಲ. ನಂಗೇ ಹೊಳೀಲಿಲ್ಲ. ತಪ್ಪು ನಂದು, ಮಗಳೇ."

"ಅಂದ್ರೆ, ಆ ಕಲ್ಲಿನ ಹತ್ರ ನಾನು ತುಳಿದಿದ್ರೆ..."

ಅವನು ತಲೆ ಎತ್ತಲಿಲ್ಲ. ಕೋರಾಳ ಮುಖ ಬಿಳಿಚಿಕೊಂಡಿತು. ಅವಳು ಒಂದು ಚೀಲದ ತುದಿ ಹಿಡಿದಳು, ಅವನು ಇನ್ನೊಂದು ತುದಿ ಹಿಡಿದ. ನಾಲ್ಕನ್ನೂ ಹಿಂದಿನ ಚಕ್ರಗಳ ನೇರಕ್ಕೆ ಮಲಗಿಸಿದರು.

ಅವಳು ಹೊರಟಳು. ಮುಂದೆ ನೆಟ್ಟನೆಯ ರಸ್ತೆ, ಅತ್ತಿತ್ತ ಒಂದು ನರಪಿಳ್ಳೆಯೂ ಇಲ್ಲ. ಗಾಡಿ ವೇಗ ಹಿಡಿಯಿತು. ಇದ್ದಕ್ಕಿದ್ದಂತೆ ಎರಡೂ ದೀಪಗಳು ಕೆಂಪಗೆ ಹೊತ್ತಿದವು. ಪಿಕಪ್ ಮೂತಿ ತಗ್ಗಿಸಿ, ಎಳ್ಳಷ್ಟೂ ಅತ್ತಿತ್ತ ಸರಿಯದೆ, ತನ್ನ ಗೆರೆಯೊಳಗೇ ನಿಂತಿತು. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು.

"ಹೊತ್ತಿಕೊಳ್ತಲ್ಲ," ಎಂದಳು ಆರ್ಡಿತ್. "ಕ್ರಿಸ್‌ಮಸ್ ಮರ ಅನ್ನಲ್ವಾ?"

ಹಾರ್ಲನ್ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡ.