ಸೆರಗಿನ ಗಂಟಿನಲ್ಲಿ ಕೀ
"ಕೆಲ್ಸ ಮುಗೀತು, ಕೀ ಕೊಡಮ್ಮ," ಎಂದು ಸೂಪರ್‌ವೈಸರ್ ರಘುನಾಥ್ ರಿಪೇರಿಯ ಪರ್ಮಿಟ್ ಕಾಗದ ಚಾಚಿದ. ಕಂಬದೂರಿನ ಹೊಲದಲ್ಲಿ ನಿಂತಿದ್ದ ಬೋರ್‌ವೆಲ್ ಲಾರಿಯ ಕೀ ಅಡುಗೆಯ ಮುನೆಮ್ಮನ ಸೆರಗಿನ ಗಂಟಿನಲ್ಲಿತ್ತು. ರಿಪೇರಿಗೆಂದು ಗಾಡಿಯಡಿ ಹೋದವರು ಹೊರಬಂದು ಸಹಿ ಹಾಕುವವರೆಗೂ ಕೀ ಅವಳ ಹತ್ತಿರವೇ ಇರಬೇಕೆಂಬುದು ಹೊಸ ನಿಯಮ.

ಈ ಸಲ ಹೋಗಿದ್ದವನು ಅವಳ ಗಂಡ ಮುನೆಪ್ಪ. ಕಾಗದದ ಕೊನೆಯಲ್ಲಿ ಅವನ ಸಹಿಯೇನೋ ಇತ್ತು. ಮುನೆಮ್ಮ ಅದನ್ನು ನೋಡಲಿಲ್ಲ, ಗಾಲಿಯ ಕಡೆ ನೋಡಿದಳು.

"ನಮ್ಮೋರ ಚಪ್ಪಲಿ ಇನ್ನೂ ಅಲ್ಲೇ ಐತಲ್ಲ ಸಾರ್." ಪೂಜೆ ಮಾಡಿದ ಗಾಡಿಯನ್ನು ಮುನೆಪ್ಪ ಚಪ್ಪಲಿ ಬಿಟ್ಟೇ ಮುಟ್ಟುತ್ತಿದ್ದ.

ರಘುನಾಥ್ ಬಗ್ಗಿ ನೋಡಿದ. ಗಾಡಿಯಡಿ ಎರಡು ಬರಿಗಾಲು ಕಂಡವು. "ಒಳಗೆ ಹೋಗೋದು, ಹೊರಗೆ ಬರೋದು, ಎರಡು ಸೈನೂ ಮೊದ್ಲೇ ಹಾಕ್ಬುಟ್ಟೆ ಸಾರ್," ಎಂದಿತು ಒಳಗಿನ ದನಿ. "ಆಮೇಲೆ ಕೈಯೆಲ್ಲ ಗ್ರೀಸ್ ಆಗ್ತದೆ, ಕಾಗದ ಕೆಡ್ತದೆ."

ಬೆವರಿದ ರಘುನಾಥ್ ಆ ಕಾಗದ ಹರಿದು ಹೊಸದು ಬರೆದ. ಮುನೆಪ್ಪ ತೆವಳಿ ಹೊರಬಂದು, ಚಪ್ಪಲಿ ಮೆಟ್ಟಿಕೊಂಡು, ಕೀಗಾಗಿ ಹೆಂಡತಿಯ ಮುಂದೆ ಕೈ ಚಾಚಿದ. ಅವಳು ಗಂಟು ಬಿಚ್ಚಲಿಲ್ಲ. ಗ್ರೀಸು ಮೆತ್ತಿದ ಆ ಕೈಯನ್ನು ಅದೇ ಸೆರಗಿನಿಂದ ಬೆರಳು ಬೆರಳೂ ಬಿಡದೆ ಒರೆಸಿದಳು.

"ಈಗ ಹಾಕು ಸೈನು," ಎಂದಳು.