ಈ ವಾರದ ವಿಷಯ: ಬೀಗ

ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಂದವನೇ ಅವಳ ಫೋನನ್ನು ತಡಕುತ್ತಿದ್ದ. ವಾರದ ಹನಿಗತೆ ಸ್ಪರ್ಧೆಯ ಗುಂಪಿಗೆ ಅವಳನ್ನು ಸೇರಿಸಿದವನು ಅವನೇ. ಕತೆಗಳನ್ನು ಮಾತ್ರ ಓದುತ್ತಿರಲಿಲ್ಲ.

ಈ ವಾರ ಅವಳು ಎಲ್ಲವನ್ನೂ ಬರೆದಳು: ಬೀಗ, ಕಾಯಿಸಿದ ಸೌಟು, ಬೆನ್ನಿನ ಬರೆ. ಕೊನೆಗೆ ಮನೆಯ ವಿಳಾಸ, 'ಇದು ಕತೆಯಲ್ಲ, ಯಾರಾದರೂ ಬನ್ನಿ' ಎಂಬ ಸಾಲು. ಗುಂಪು ನಡೆಸುವ ವಾರಿಜಕ್ಕನಿಗೆ ಕಳಿಸಿದಳು.

ಮಧ್ಯಾಹ್ನ ಉತ್ತರ ಬಂತು.

"ಮೊದಲ ಬಹುಮಾನ ನಿಂದೇ ಕಣೇ. ಓದಿ ಮೈ ನಡುಗಿತು."

"ಅಕ್ಕ, ಕೊನೇ ಸಾಲು ಓದಿದ್ರಾ?"

"ಓದಿದೆ. ಅದೂ ವಿಳಾಸಾನೂ ಕತೆಗೆ ಭಾರ ಅಂತ ತೆಗೆದುಹಾಕಿದೆ."

"ವಿಳಾಸ ಬೇಕು ಅಕ್ಕ, ದಯವಿಟ್ಟು."

"ಬೇಜಾರು ಮಾಡ್ಕೋಬೇಡ. ನಿಮ್ಮ ಯಜಮಾನ್ರಿಗೆ ಪೂರ್ತೀನೇ ಕಳಿಸಿದ್ದೀನಿ. ಓದಿದ್ರು, ಈಗಲೇ ಮನೆಗೆ ಹೊರಟೆ ಅಂದ್ರು."